ಮೊದಲನೆಯ ಸ್ಥಾನವನ್ನು ಬಯಸಿದವನು

(ಸಭೆಗಳ ಅಭ್ಯಾಸಕ್ಕಾಗಿ ಪಾಠ. ಓದತಕ್ಕ ವೇದಭಾಗಗಳು: ಯೋಹಾನನ ಮೂರನೆಯ ಪತ್ರಿಕೆ, ಲೂಕ ೧೮: ೯–೧೪, ಅ. ಕೃ. ೧೪: ೮–೨೦, ಯೋಹಾನ ೧೩: ೧–೧೭.)

ಯೋಹಾನನ ಮೂರನೆಯ ಪತ್ರಿಕೆಯು ಹೊಸ ಒಡಂಬಡಿಕೆಯ ಅತಿ ಚಿಕ್ಕ ಬರಹಗಳಲ್ಲೊಂದು. ಸಭೆಯಲ್ಲಿ ಅದನ್ನು ಓದುವದು ಅಪರೂಪ. ಅದರ ಮೇಲೆ ಪ್ರಸಂಗ ಮಾಡುವದು ಇನ್ನೂ ಅಪರೂಪ. ಆದರೂ ನಮ್ಮ ಹಳ್ಳಿಯ ಸಭೆಗಳಿಗೆ ಇಷ್ಟು ಹತ್ತಿರವಾದ ಪತ್ರಿಕೆಯು ಮತ್ತೊಂದು ಇಲ್ಲವೆನ್ನಬಹುದು. ಅದರಲ್ಲಿ ಅರಸರ ಮಾತಿಲ್ಲ, ಗಹನವಾದ ತರ್ಕವೂ ಇಲ್ಲ. ಒಂದು ಸಭೆ, ಮೂವರ ಹೆಸರು, ಸಭೆಯೊಳಗೆ ಹುಟ್ಟಿದ ಒಂದು ಕಲಹ, ಇಷ್ಟೇ ಅದರಲ್ಲಿರುವದು.

ಮೂವರಲ್ಲಿ ಒಬ್ಬನು ಗಾಯನು. ಊರೂರು ತಿರುಗಿ ಸುವಾರ್ತೆಯನ್ನು ಸಾರುವವರು ತನಗೆ ಗುರುತಿಲ್ಲದವರಾದರೂ ಅವರನ್ನು ಮನೆಯಲ್ಲಿ ಇಳಿಸಿಕೊಂಡು ಸತ್ಕರಿಸುತ್ತಿದ್ದವನು. ಎರಡನೆಯವನು ದೇಮೇತ್ರಿಯನು, ಅವನ ನಡತೆಯನ್ನು ಕುರಿತು ಎಲ್ಲರೂ ಮೆಚ್ಚಿ ಮಾತಾಡುತ್ತಿದ್ದರು. ಮೂರನೆಯವನು ದಿಯೊತ್ರೇಫನು. ಅವನನ್ನು ಕುರಿತು ಅಪೊಸ್ತಲನು ಹೇಳುವ ಮುಖ್ಯ ಸಂಗತಿ ಒಂದೇ: ಸಭೆಯಲ್ಲಿ ತಾನು ಮೊದಲಿಗನಾಗಿರಬೇಕೆಂಬದು ಅವನ ಆಶೆಯಾಗಿತ್ತು.

೧. ದಿಯೊತ್ರೇಫನ ದೋಷವು ಯಾವದು?

ಇಲ್ಲಿ ನಾವು ಚೆನ್ನಾಗಿ ಲಕ್ಷಿಸತಕ್ಕ ಸಂಗತಿಯೊಂದುಂಟು. ಯೋಹಾನನು ತನ್ನ ಬೇರೆ ಪತ್ರಿಕೆಗಳಲ್ಲಿ ಸುಳ್ಳು ಬೋಧಕರನ್ನು ಹೆದರದೆ ಖಂಡಿಸುತ್ತಾನೆ. ಆದರೆ ದಿಯೊತ್ರೇಫನು ಸುಳ್ಳು ಉಪದೇಶವನ್ನು ಕಲಿಸಿದನೆಂದು ಈ ಪತ್ರಿಕೆಯಲ್ಲಿ ಎಲ್ಲಿಯೂ ಹೇಳಲ್ಪಟ್ಟಿಲ್ಲ. ಅವನು ಕುಡುಕನೆಂದಾಗಲಿ, ಕಾಣಿಕೆಯ ಹಣವನ್ನು ಕದ್ದವನೆಂದಾಗಲಿ ಹೇಳಲ್ಪಟ್ಟಿಲ್ಲ. ಅವನ ಪ್ರಾರ್ಥನೆಯು ಇಂಪಾಗಿದ್ದಿರಬಹುದು. ಅವನ ಪ್ರಸಂಗವನ್ನು ಕೇಳಿ ಜನರು ತಲೆದೂಗಿದ್ದಿರಬಹುದು. ಆದರೂ ಅವನ ನಿಮಿತ್ತವಾಗಿ ಸಭೆಗೆ ನಾಲ್ಕು ಕೇಡುಗಳು ಬಂದವು. ಅವನು ಅಪೊಸ್ತಲನ ಮಾತಿಗೆ ಮನ್ನಣೆ ಕೊಡಲಿಲ್ಲ. ಅವನನ್ನೂ ಅವನೊಂದಿಗಿದ್ದವರನ್ನೂ ಹರಟೆಮಾತುಗಳಿಂದ ಹಳಿದನು. ಪರಸ್ಥಳದಿಂದ ಬಂದ ಸಹೋದರರನ್ನು ಒಳಗೆ ಸೇರಿಸಲಿಲ್ಲ. ಸೇರಿಸಿಕೊಳ್ಳಬೇಕೆಂದಿದ್ದವರನ್ನೂ ತಡೆದು ಸಭೆಯಿಂದ ಹೊರಗೆ ಹಾಕಿದನು.

ಈ ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ನೋಡಿರಿ. ಇವೆಲ್ಲವೂ ಒಂದೇ ಬೇರಿನ ಕೊಂಬೆಗಳು. ಮೊದಲಿಗನಾಗಿರಬೇಕೆನ್ನುವವನಿಗೆ ತನಗಿಂತ ಮೇಲಿನವನ ಮಾತು ಭಾರವಾಗುತ್ತದೆ; ತನ್ನ ಸಮಾನನ ಒಳ್ಳೆಯ ಹೆಸರು ಮುಳ್ಳಾಗುತ್ತದೆ; ಹೊಸದಾಗಿ ಬಂದವನ ವರವು ಭಯ ಹುಟ್ಟಿಸುತ್ತದೆ; ಸ್ವತಂತ್ರವಾಗಿ ಯೋಚಿಸುವ ಸಭಿಕನು ವೈರಿಯಂತೆ ಕಾಣುತ್ತಾನೆ. ಆದಕಾರಣ ಆತ್ಮಿಕ ಗರ್ವವು ಒಬ್ಬನ ಹೃದಯದೊಳಗಿನ ಗುಟ್ಟಾದ ಪಾಪ ಮಾತ್ರವೆಂದು ಯಾರೂ ತಿಳಿಯಬಾರದು. ಅದು ಬಾಗಿಲು ಮುಚ್ಚುವ ಪಾಪವಾಗಿದೆ. ಅದರಿಂದ ಹಸಿದವನು ಹೊರಗೆ ನಿಲ್ಲುತ್ತಾನೆ.

೨. ಮಾನವು ತಾನೇ ಕೆಟ್ಟದ್ದಲ್ಲ

ಹಾಗಾದರೆ ಕ್ರೈಸ್ತನು ಮಾನ ಮರ್ಯಾದೆಗಳನ್ನೆಲ್ಲಾ ವಿಷದಂತೆ ದೂರಮಾಡಬೇಕೋ? ಹಾಗಲ್ಲ. ದೇಮೇತ್ರಿಯನಿಗೂ ಜನರ ಮೆಚ್ಚಿಕೆ ಇತ್ತು. ಅದಕ್ಕಾಗಿ ಅಪೊಸ್ತಲನು ಅವನನ್ನು ಗದರಿಸದೆ ತಾನೂ ಆ ಮೆಚ್ಚಿಕೆಗೆ ತನ್ನ ಮಾತನ್ನು ಕೂಡಿಸಿದನು. ಈ ವಿಷಯದಲ್ಲಿ ನಮ್ಮ ಸೀಮೆಯವರು ವಿಶೇಷವಾಗಿ ವಿವೇಚನೆಯುಳ್ಳವರಾಗಿರಬೇಕು.

ಕಲಬುರಗಿ, ಬೀದರ ಸೀಮೆಗಳಲ್ಲಿ ಮೆಥೊಡಿಸ್ಟ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಕನ್ನಡದಲ್ಲಿ ಸುವಾರ್ತೆಯ ಕೆಲಸವನ್ನು ನಡಿಸತೊಡಗಿದಾಗ ಈ ನಾಡು ನಿಜಾಮರ ಆಳಿಕೆಯಲ್ಲಿತ್ತು. ೧೯೪೮ರ ವರೆಗೂ ಹಾಗೆಯೇ ಇತ್ತು. ಸಭೆಗೆ ಸೇರಿದವರಲ್ಲಿ ಬಹುಮಂದಿ ಊರ ಹೊರಗಣ ಕೇರಿಗಳವರು. ಊರ ಬಾವಿಯ ನೀರು ಅವರಿಗೆ ಇರಲಿಲ್ಲ. ಗುಡಿಯ ಬಾಗಿಲು ತೆರೆದಿರಲಿಲ್ಲ. ಬಿಟ್ಟಿಬೇಗಾರಿಗೆ ಕರೆದಾಗ ಆಗದೆನ್ನುವ ಅಧಿಕಾರವೂ ಇರಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗನು ಅಕ್ಷರ ಕಲಿತು, ವೇದವನ್ನು ಕೈಯಲ್ಲಿ ಹಿಡಿದು, ಮಾಸ್ತರರೆಂದೂ ಪಾದ್ರಿಯವರೆಂದೂ ಕರೆಯಲ್ಪಟ್ಟದ್ದು ಅಲ್ಪ ಸಂಗತಿಯಲ್ಲ. ಅಂಥ ಮನೆಯ ಹೆಣ್ಣುಮಗಳು ದಾದಿಯಾಗಿ ರೋಗಿಗಳ ನಡುವೆ ಗೌರವದಿಂದ ನಿಂತದ್ದು ಅಲ್ಪ ಸಂಗತಿಯಲ್ಲ. ಅದು ಕರ್ತನು ತನ್ನ ಬಡವರಿಗೆ ತೀರಿಸಿದ ನ್ಯಾಯವಾಗಿತ್ತು.

ಆದಕಾರಣ ದೀನತೆಯನ್ನು ಬೋಧಿಸುವವರು ಎಚ್ಚರಿಕೆಯಿಂದ ಬೋಧಿಸಬೇಕು. ತಲೆತಗ್ಗಿಸಿ ನಿಲ್ಲುವ ಹಳೆಯ ಜೀತಕ್ಕೆ ದೀನತೆಯೆಂಬ ಹೆಸರಿಡುವದು ಸುವಾರ್ತೆಯಲ್ಲ. ಫಿಲಿಪ್ಪಿ ಪಟ್ಟಣದಲ್ಲಿ ಪೌಲನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಹೊಡಿಸಿ ಸೆರೆಯಲ್ಲಿ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಅವರನ್ನು ಬಿಟ್ಟುಬಿಡಬೇಕೆಂದಿದ್ದರು. ಪೌಲನು ಅದಕ್ಕೆ ಒಪ್ಪಲಿಲ್ಲ. ತಾವು ರೋಮಾಪುರದ ಹಕ್ಕುಳ್ಳವರೆಂದು ತಿಳಿಸಿ, ಅಧಿಕಾರಿಗಳೇ ಬಂದು ತಮ್ಮನ್ನು ಹೊರಗೆ ಕರೆತರಬೇಕೆಂದು ಹೇಳಿದನು (ಅ. ಕೃ. ೧೬). ಸುವಾರ್ತೆಗಾಗಿ ಏಟು ತಿನ್ನುವದಕ್ಕೆ ಹಿಂಜರಿಯದವನು ಅನ್ಯಾಯವನ್ನು ಮುಚ್ಚಿಡುವದಕ್ಕೆ ಒಪ್ಪಲಿಲ್ಲ. ಹೀಗೆ ದೀನತೆಯೂ ಆತ್ಮಗೌರವವೂ ಒಂದೇ ಹೃದಯದಲ್ಲಿ ಒಟ್ಟಿಗೆ ವಾಸಿಸಬಲ್ಲವು.

ಅಪಾಯವು ಎಲ್ಲಿ ಆರಂಭವಾಗುತ್ತದೆ? ನಿನ್ನೆ ಮಾನವಿಲ್ಲದಿದ್ದವನು ಇಂದು ಮಾನವನ್ನು ಹೊಂದಿದಾಗ ಅಲ್ಲ. ಹೊಂದಿದ ಮೇಲೆ ತನ್ನ ಕೆಳಗೆ ನಿಲ್ಲಿಸುವದಕ್ಕೆ ಇನ್ನೊಬ್ಬನನ್ನು ಹುಡುಕುವಾಗ. ಕಾಲುವೆಗೆ ಬಂದ ನೀರು ಮುಂದಿನ ಹೊಲಕ್ಕೆ ಹರಿದರೆ ಬೆಳೆಯಾಗುತ್ತದೆ. ಅಲ್ಲಿಯೇ ಕಟ್ಟಿ ನಿಲ್ಲಿಸಿದರೆ ಪಾಚಿಗಟ್ಟುತ್ತದೆ. ದೇವರು ಕೊಡುವ ಗೌರವವೂ ಹಾಗೆಯೇ. ಅದು ನಮ್ಮ ಮೂಲಕ ಗೌರವವಿಲ್ಲದವರ ಕಡೆಗೆ ಹರಿಯಬೇಕು. ಈ ಪಾಠದಲ್ಲಿ ನಾವು ಕಲಿಯತಕ್ಕ ಮುಖ್ಯ ಮಾತು ಇದೇ.

೩. ಸಭೆಯೊಳಗೆ ಬಂದ ಮೇಲು ಕೀಳು

ನೀರನ್ನು ಕಟ್ಟಿ ನಿಲ್ಲಿಸುವ ಅತಿ ಹಳೆಯ ಒಡ್ಡು ಜಾತಿಯ ಗರ್ವವಾಗಿದೆ. ಅದು ಚರ್ಚಿನ ಬಾಗಿಲಲ್ಲಿ ತಾನಾಗಿ ಬಿದ್ದುಹೋಗುವದಿಲ್ಲ. ತಂಜಾವೂರು ಮುಂತಾದ ತಮಿಳು ಸಭೆಗಳಲ್ಲಿ ಮೇಲುಜಾತಿಯಿಂದ ಬಂದ ಕ್ರೈಸ್ತರು ಬೇರೆಯಾಗಿ ಕುಳಿತುಕೊಂಡು, ಕರ್ತನ ಭೋಜನದಲ್ಲಿಯೂ ಮೊದಲು ಪಾಲುಹೊಂದುವ ರೂಢಿಯಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಎಂಬವರು ೧೮೩೩ರಲ್ಲಿ ಪತ್ರ ಬರೆದು, ಈ ಭೇದವನ್ನು ಸಭೆಯೊಳಗೆ ಪೂರ್ತಿಯಾಗಿ ಬಿಟ್ಟುಬಿಡಬೇಕೆಂದು ಅಪ್ಪಣೆಮಾಡಿದರು. ಆಗ ಅನೇಕರು ಭೇದವನ್ನು ಬಿಡುವದಕ್ಕಿಂತ ಸಭೆಯನ್ನೇ ಬಿಟ್ಟುಹೋದರು. ಒಂದೇ ಪಾತ್ರೆಯಿಂದ ಕುಡಿಯುವದು ಅವರಿಗೆ ಅಷ್ಟು ಕಷ್ಟವಾಗಿ ತೋರಿತು.

ಇದಕ್ಕೆ ಎದುರಾದ ಮಾದರಿಯು ನಮ್ಮ ಕನ್ನಡ ನಾಡಿನಲ್ಲಿಯೇ ಉಂಟು. ಮಂಗಳೂರಿನ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣ ಕುಲದವರು. ಅವರು ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರಲ್ಲಿ ದೊಡ್ಡ ಗದ್ದಲವೆದ್ದಿತು. ಆ ಮೇಲೆ ಅವರು ಬಾಸೆಲ್ ಪಟ್ಟಣಕ್ಕೆ ಹೋಗಿ ಅಭ್ಯಾಸಮಾಡಿ ೧೮೫೧ರಲ್ಲಿ ಬೋಧಕದೀಕ್ಷೆಯನ್ನು ಪಡೆದರು. ಕುಲದ ಹಿರಿಮೆ, ಯುರೋಪಿನ ವಿದ್ಯೆ, ಮಿಶನ್ನಿನವರ ಮೆಚ್ಚಿಕೆ, ಈ ಮೂರೂ ಒಬ್ಬನಲ್ಲಿ ಕೂಡಿಬಂದರೆ ಗರ್ವಕ್ಕೆ ಇನ್ನೇನು ಬೇಕು? ಆದರೆ ಕೊಡಗಿನಲ್ಲಿ ಅವರ ಹೆಸರು ಇಂದಿಗೂ ಉಳಿದಿರುವದು ಆನಂದಪುರವೆಂಬ ಒಂದು ಚಿಕ್ಕ ಊರಿನಲ್ಲಿ. ಅಲ್ಲಿಯ ಸಭೆಯು ಇತರರ ಗದ್ದೆಗಳಲ್ಲಿ ಜೀತವಾಗಿ ದುಡಿಯುತ್ತಿದ್ದ ಜನರಿಂದ ಕಟ್ಟಲ್ಪಟ್ಟ ಸಭೆ. ಮೇಲಿನಿಂದ ಬಂದ ಗೌರವವು ಕೆಳಗಿನ ಹೊಲಕ್ಕೆ ಹರಿಯುವದೆಂದರೆ ಹೀಗೆಯೇ.

ಆದರೆ ಈ ಮಾತು ಮೇಲುಜಾತಿಯಿಂದ ಬಂದವರಿಗೆ ಮಾತ್ರವೆಂದು ಯಾರೂ ಸಮಾಧಾನ ಹೊಂದಬಾರದು. ಕೇರಿಗೆ ಕೇರಿ ಕೀಳೆಂದು ಎಣಿಸುವ ರೂಢಿ ನಮ್ಮಲ್ಲಿ ಇಲ್ಲವೋ? ಮೂರು ತಲೆಮಾರಿನ ಕ್ರೈಸ್ತರು ನಿನ್ನೆ ಮೊನ್ನೆ ಬಂದವರನ್ನು ಹೊಸಬರೆಂದು ಕರೆಯುವಾಗ ಆ ಶಬ್ದದಲ್ಲಿ ಪ್ರೀತಿಯುಂಟೋ, ತಾತ್ಸಾರವುಂಟೋ? ಹೆಣ್ಣು ಕೊಟ್ಟು ತರುವ ಮಾತು ಬಂದಾಗ ನಮ್ಮ ವಿಶ್ವಾಸದ ಪರೀಕ್ಷೆಯಾಗುತ್ತದೆ.

೪. ಗರ್ವವು ಭಕ್ತಿಯ ವೇಷದಲ್ಲಿ ಬರುವ ರೀತಿ

ಲೋಕದ ಗರ್ವವನ್ನು ಗುರುತಿಸುವದು ಸುಲಭ. ಹಣದ ಮದವುಳ್ಳವನು ಬೀದಿಯಲ್ಲಿಯೇ ಕಾಣುತ್ತಾನೆ. ಆತ್ಮಿಕ ಗರ್ವವಾದರೋ ಪ್ರಾರ್ಥನೆಯ ವಸ್ತ್ರವನ್ನು ಹೊದ್ದುಕೊಂಡು ಬರುತ್ತದೆ. ಕರ್ತನು ಹೇಳಿದ ಸಾಮ್ಯದಲ್ಲಿ ಫರಿಸಾಯನು ದೇವಾಲಯಕ್ಕೆ ಹೋಗಿ ದೇವರಿಗೆ ಸ್ತೋತ್ರವನ್ನೇ ಸಲ್ಲಿಸಿದನು. ಅವನು ಹೇಳಿದ ಉಪವಾಸವೂ ದಶಮಾಂಶವೂ ಸುಳ್ಳಾಗಿರಲಿಲ್ಲ. ಆದರೂ ಅವನ ಕಣ್ಣು ದೇವರ ಮೇಲೆ ನಿಲ್ಲದೆ ದೂರದಲ್ಲಿ ನಿಂತಿದ್ದ ಸುಂಕದವನ ಕಡೆಗೆ ಹೊರಳಿತು. ಹೋಲಿಸಿ ನೋಡುವದಕ್ಕೆ ಒಬ್ಬ ಕೆಟ್ಟವನಿಲ್ಲದಿದ್ದರೆ ಅವನ ಪ್ರಾರ್ಥನೆಯೇ ಮುಂದೆ ಸಾಗುತ್ತಿರಲಿಲ್ಲ.

ಈ ಗರ್ವವು ಬೆಳೆಯುವ ಕ್ರಮವನ್ನು ನೋಡಿರಿ. ಮೊದಲು ಒಬ್ಬನು ಹೃತ್ಪೂರ್ವಕವಾಗಿ ಪ್ರಾರ್ಥಿಸುತ್ತಾನೆ. ಕೇಳಿದವರು ಅವನ ಪ್ರಾರ್ಥನೆಯನ್ನು ಹೊಗಳುತ್ತಾರೆ. ಮುಂದಿನ ಸಾರಿ ಅವನು ದೇವರಿಗೂ ಕೇಳುವವರಿಗೂ ಕೂಡಿ ಪ್ರಾರ್ಥಿಸುತ್ತಾನೆ. ಕಡೆಗೆ ಕೇಳುವವರು ಇಲ್ಲದಿರುವಾಗ ಪ್ರಾರ್ಥಿಸುವದಕ್ಕೆ ಅವನಿಗೆ ಮನಸ್ಸೇ ಬರುವದಿಲ್ಲ. ಕೋಣೆಯ ಪ್ರಾರ್ಥನೆಯು ಕಡಿಮೆಯಾಗುತ್ತಾ ವೇದಿಕೆಯ ಪ್ರಾರ್ಥನೆಯು ಉದ್ದವಾಗುತ್ತಾ ಹೋದರೆ ರೋಗವು ಹತ್ತಿತೆಂದು ತಿಳಿಯತಕ್ಕದ್ದು.

ಆ ಮೇಲೆ ಬರುವ ಗುರುತು, ತಿದ್ದುಪಡಿಯನ್ನು ತಾಳಲಾರದಿರುವದು. ಇದಕ್ಕೆ ಮೆಥೊಡಿಸ್ಟ್ ಸಭೆಗಳ ಚರಿತ್ರೆಯಲ್ಲಿಯೇ ಒಂದು ದುಃಖಕರವಾದ ದೃಷ್ಟಾಂತವುಂಟು. ಜಾನ್ ವೆಸ್ಲಿಯವರ ಕಾಲದಲ್ಲಿ ಲಂಡನ್ ಪಟ್ಟಣದ ಸಂಘದವರಲ್ಲಿ ದೊಡ್ಡ ಉಜ್ಜೀವನವಾಯಿತು. ಅನೇಕರು ಪವಿತ್ರ ಜೀವನದಲ್ಲಿ ಬಹಳ ಮುಂದುವರಿದವರೆಂದು ಹೆಸರು ಹೊಂದಿದರು. ಅವರಲ್ಲಿ ಕೆಲವರು, ತಮಗೆ ದೇವರೇ ನೇರವಾಗಿ ಕಲಿಸುವದರಿಂದ ಇನ್ನು ಮನುಷ್ಯರ ಬೋಧನೆ ಬೇಡವೆಂದು ಹೇಳತೊಡಗಿದರು. ೧೭೬೨ರಲ್ಲಿ ವೆಸ್ಲಿಯವರು ಸಂಘದ ಹೆಸರುವಾಸಿಯಾದ ಭಕ್ತರಿಗೆಂದೇ ಬುದ್ಧಿವಾದದ ಬರಹವನ್ನು ಸಿದ್ಧಮಾಡಿ, ಎಲ್ಲಕ್ಕಿಂತ ಮೊದಲು ಗರ್ವದ ವಿಷಯದಲ್ಲಿ ಎಚ್ಚರವಾಗಿರಬೇಕೆಂದೂ, ಇನ್ನೊಬ್ಬರಿಂದ ಕಲಿಯುವ ಅಗತ್ಯ ತನಗಿಲ್ಲವೆಂದು ಎಣಿಸುವದು ಗರ್ವದ ನಿಶ್ಚಯವಾದ ಗುರುತೆಂದೂ ತಿಳಿಸಿದರು. ಆದರೆ ಹಿಂದೆ ಸೈನ್ಯದಲ್ಲಿದ್ದ ಜಾರ್ಜ್ ಬೆಲ್ ಎಂಬವನು ಯಾರ ಮಾತನ್ನೂ ಕೇಳದೆ, ೧೭೬೩ನೇ ಫೆಬ್ರವರಿ ೨೮ರಂದು ಲೋಕವು ಅಂತ್ಯವಾಗುವದೆಂದು ಸಾರಿದನು. ಪಟ್ಟಣದಲ್ಲಿ ಅನೇಕರು ಹೆದರಿದರು. ವೆಸ್ಲಿಯವರು ಆ ಸಾಯಂಕಾಲ ಪ್ರಸಂಗಮಾಡಿ, ಈ ಪ್ರವಾದನೆಯು ಆಧಾರವಿಲ್ಲದ್ದೆಂದು ತೋರಿಸಿ, ರಾತ್ರಿ ಎಂದಿನಂತೆ ಮಲಗಿ ನಿದ್ರೆಮಾಡಿದರು. ಮರುದಿನ ಸೂರ್ಯನು ಹುಟ್ಟಿದನು. ಆದರೆ ಸಂಘಕ್ಕೆ ಗಾಯವಾಯಿತು. ವೆಸ್ಲಿಯವರ ಮೊದಲ ಸಹಾಯಕ ಪ್ರಸಂಗಿಗಳಲ್ಲಿ ಒಬ್ಬನಾಗಿದ್ದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬವನೂ ಆ ವರುಷವೇ ತನ್ನ ಪಕ್ಷದವರನ್ನು ಕರೆದುಕೊಂಡು ಅಗಲಿಹೋದನು.

ಅವರು ಭಕ್ತಿಹೀನರಾಗಿರಲಿಲ್ಲವೆಂಬದನ್ನು ಮರೆಯಬೇಡಿರಿ. ಭಕ್ತರೆಂಬ ಹೆಸರು ಅವರಿಗೆ ಮೊದಲು ದೊರಕಿತು. ಆ ಹೆಸರನ್ನು ಉಳಿಸಿಕೊಳ್ಳುವ ಆತುರವು ಆ ಮೇಲೆ ಅವರನ್ನು ಹಿಡಿಯಿತು. ನಡೆಯುವವನು ಎಡವಿದರೆ ಏಳುತ್ತಾನೆ. ಎತ್ತರದ ಕಟ್ಟೆಯ ಮೇಲೆ ಕೂಡ್ರಿಸಲ್ಪಟ್ಟವನು ಜಾರಿದರೆ ಪೆಟ್ಟು ದೊಡ್ಡದು. ಆದುದರಿಂದಲೇ ಅವನು ತಾನು ಜಾರಿದ್ದನ್ನು ಒಪ್ಪಿಕೊಳ್ಳುವದೂ ಕಷ್ಟ.

೫. ಸಭೆಯೂ ಇದಕ್ಕೆ ಹೊಣೆಯಾಗಿದೆ

ಇಷ್ಟರ ವರೆಗೆ ಓದಿದವರಲ್ಲಿ ಕೆಲವರು ತಮ್ಮ ಪಾದ್ರಿಯವರನ್ನೋ ಸಭಾಹಿರಿಯರನ್ನೋ ಮನಸ್ಸಿನಲ್ಲಿ ತಂದುಕೊಂಡು, ಈ ಪಾಠವು ಅವರಿಗೆ ಚೆನ್ನಾಗಿ ಒಪ್ಪುತ್ತದೆಂದು ಎಣಿಸಿರಬಹುದು. ಅಂಥವರು ಈಗ ತಮ್ಮ ಕೈಗಳನ್ನೇ ನೋಡಿಕೊಳ್ಳಲಿ. ದಿಯೊತ್ರೇಫನು ಒಬ್ಬನೇ ದಿಯೊತ್ರೇಫನಾಗಲಾರನು. ಅವನನ್ನು ಮುಂದೆ ಕೂಡ್ರಿಸಿದ ಸಭೆಯೊಂದು ಬೇಕು.

ಲುಸ್ತ್ರದಲ್ಲಿ ಹುಟ್ಟುಕುಂಟನು ಗುಣವಾದಾಗ ಜನರು ಪೌಲಬಾರ್ನಬರನ್ನು ದೇವತೆಗಳೆಂದು ಎಣಿಸಿ, ಪೂಜಾರಿಯು ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದನು. ಅಪೊಸ್ತಲರು ತಮ್ಮ ವಸ್ತ್ರಗಳನ್ನು ಹರಿದುಕೊಂಡು ಗುಂಪಿನೊಳಗೆ ನುಗ್ಗಿ, ತಾವೂ ಅವರಂತೆಯೇ ಮನುಷ್ಯರೆಂದು ಕೂಗಿ ಹೇಳಿ ಬಹು ಕಷ್ಟದಿಂದ ಅವರನ್ನು ತಡೆದರು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಬೇರೆ ಊರಿನಿಂದ ಬಂದವರ ಮಾತನ್ನು ಕೇಳಿ ಒಡಂಬಟ್ಟ ಆ ಗುಂಪಿನ ಎದುರಿಗೇ ಪೌಲನ ಮೇಲೆ ಕಲ್ಲು ಬಿದ್ದವು. ಸತ್ತನೆಂದು ಎಣಿಸಿ ಅವನನ್ನು ಊರ ಹೊರಗೆ ಎಳೆದುಹಾಕಿದರು. ಹಾರಕ್ಕೂ ಕಲ್ಲಿಗೂ ನಡುವೆ ಎಷ್ಟು ಸ್ವಲ್ಪ ದೂರವಿತ್ತು! ಮನುಷ್ಯನನ್ನು ದೇವರಾಗಿ ಮಾಡುವ ಜನರು ಅವನು ದೇವರಲ್ಲವೆಂದು ತಿಳಿದಾಗ ಕ್ಷಮಿಸುವದಿಲ್ಲ.

ನಮ್ಮಲ್ಲಿ ನಡೆಯುವದು ಏನು? ಹಿರಿಯರು ಬಂದರೆ ಹಾರ, ಶಾಲು, ಚಪ್ಪರ, ಮೆರವಣಿಗೆ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬಂತು, ಯಾರದು ಕೆಳಗಿಳಿಯಿತು ಎಂಬ ಮಾತಿನಲ್ಲಿ ಹಬ್ಬದ ಸಂತೋಷವೇ ಕೆಡುತ್ತದೆ. ಕಾಣಿಕೆಯ ಮೊತ್ತವನ್ನು ಗಟ್ಟಿಯಾಗಿ ಓದಿ ಕೈತಟ್ಟುತ್ತೇವೆ. ಎರಡು ಕಾಸು ಹಾಕಿದ ವಿಧವೆಯ ವಿಷಯವಾಗಿ ಪ್ರಸಂಗವನ್ನು ಕೇಳುತ್ತೇವೆ. ಆದರೆ ನಮ್ಮ ಸಭೆಯ ವಿಧವೆಯು ಕೊಟ್ಟದ್ದು ಎಷ್ಟೆಂದು ಯಾರಿಗೂ ನೆನಪಿರುವದಿಲ್ಲ. ಕಟ್ಟಡದ ಕಲ್ಲಿನಲ್ಲಿ ಹಣಕೊಟ್ಟವರ ಹೆಸರು ಕೊರೆಯುತ್ತೇವೆ. ಆ ಕಲ್ಲನ್ನು ಹೊತ್ತವರ ಹೆಸರು ಎಲ್ಲಿದೆ? ಬಂಗಾರದ ಉಂಗುರದವನಿಗೆ ಒಳ್ಳೆಯ ಪೀಠವನ್ನೂ ಹರಕುಬಟ್ಟೆಯವನಿಗೆ ನೆಲವನ್ನೂ ತೋರಿಸುವ ಸಭೆಯನ್ನು ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ತಕ್ಕಡಿಯಲ್ಲಿ ಇಟ್ಟು ತೂಗಿದ್ದಾನೆ. ಆ ತಕ್ಕಡಿಯು ಇನ್ನೂ ತೂಗುತ್ತಿದೆ.

ದುಡಿಯುವವರನ್ನು ಸನ್ಮಾನಿಸುವದು ಯೋಗ್ಯವೇ. ಆದರೆ ಸನ್ಮಾನಕ್ಕೂ ಮುಖಸ್ತುತಿಗೂ ಭೇದವುಂಟು. ಸನ್ಮಾನಿಸುವವನು ಅವಶ್ಯಬಿದ್ದಾಗ ತಿದ್ದುವದಕ್ಕೂ ಧೈರ್ಯಮಾಡುತ್ತಾನೆ; ಹೊಗಳುಭಟ್ಟನು ಎಂದಿಗೂ ತಿದ್ದುವದಿಲ್ಲ, ಹಿಂದಿನಿಂದ ಹಳಿಯುತ್ತಾನೆ. ನಿಮ್ಮ ಪಾದ್ರಿಯವರನ್ನು ನೀವು ನಿಜವಾಗಿ ಪ್ರೀತಿಸುವದಾದರೆ ಹಾರಕ್ಕಿಂತ ಹೆಚ್ಚಾಗಿ ಅವರಿಗೋಸ್ಕರ ಪ್ರಾರ್ಥನೆಯನ್ನೂ ಅವರ ಮುಂದೆ ನಿಜವನ್ನೂ ಇಡಿರಿ.

೬. ಹೆಸರನ್ನು ಹಿಂದಿಟ್ಟವರು

ನಮ್ಮ ಕರ್ತನು ಸಮಾರ್ಯದವನಿಂದಲೂ ರೋಮಾಪುರದ ಶತಾಧಿಪತಿಯಿಂದಲೂ ತನ್ನ ಜನರಿಗೆ ಪಾಠ ಕಲಿಸಿದನು. ಆದಕಾರಣ ನೆರೆಯವರಲ್ಲಿರುವ ಒಳ್ಳೆಯದನ್ನು ನೋಡಿ ಕಲಿಯುವದಕ್ಕೆ ನಾವು ನಾಚಬೇಕಾದದ್ದಿಲ್ಲ. ಕಮಲಾಪುರದ ದಾರಿಯಲ್ಲಿ ಹುಮನಾಬಾದಿನ ಕಡೆಗೆ ಹೋಗುವವರಿಗೆ ಬಸವಕಲ್ಯಾಣವು ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಬಿಜ್ಜಳನ ಬಳಿಯಲ್ಲಿ ಅಧಿಕಾರಿಯಾಗಿದ್ದ ಬಸವಣ್ಣನವರ ಸುತ್ತಲೂ ಅಗಸರು, ಅಂಬಿಗರು, ಚಮ್ಮಾರರು, ಹೆಣ್ಣುಮಕ್ಕಳು ಕೂಡಿಬಂದು ವಚನಗಳನ್ನು ಹೇಳಿದರು. ಆ ವಚನಗಳಿಗೆ ಅಂಕಿತವುಂಟು. ಸಾಮಾನ್ಯವಾಗಿ ಅದು ಹೇಳಿದವರ ಸ್ವಂತ ಹೆಸರಲ್ಲ, ಅವರು ಪೂಜಿಸಿದ ದೇವರ ಹೆಸರು. ತಾನು ಹೇಳಿದ ಮಾತಿನ ಕೊನೆಯಲ್ಲಿ ತನ್ನ ಹೆಸರನ್ನು ಬರೆಯದಿರುವದು ಸುಲಭವಾದ ವ್ರತವಲ್ಲ. ದೀಪದ ಕಂಬದ ಮೇಲೆಯೂ ಕುರ್ಚಿಯ ಬೆನ್ನಿನ ಮೇಲೆಯೂ ದಾನಿಗಳ ಹೆಸರು ಬರೆಯಿಸುವ ನಾವು ಇದನ್ನು ಯೋಚಿಸತಕ್ಕದ್ದು.

ನಮ್ಮ ಸ್ವಂತ ಮನೆಯಲ್ಲಿಯೂ ಇಂಥ ದೃಷ್ಟಾಂತವಿದೆ. ಫರ್ಡಿನಾಂಡ್ ಕಿಟ್ಟೆಲರು ೧೮೫೩ರಲ್ಲಿ ಕನ್ನಡ ನಾಡಿಗೆ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ೧೮೯೪ರಲ್ಲಿ. ಅದರಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯ ಗೌರವವನ್ನು ಕೊಟ್ಟದ್ದು ೧೮೯೬ರಲ್ಲಿ, ಅವರ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ. ಬಂದ ದಿನಕ್ಕೂ ಆ ಗೌರವಕ್ಕೂ ನಡುವೆ ನಾಲ್ವತ್ತಕ್ಕೂ ಹೆಚ್ಚು ವರುಷಗಳಿದ್ದವು. ಒಂದೊಂದು ಶಬ್ದವನ್ನೂ ಹೆಕ್ಕಿ, ಹಳೆಯ ಗ್ರಂಥಗಳನ್ನು ನೋಡಿ, ನಾಡಿನ ಪಂಡಿತರನ್ನು ಕೇಳಿ ಬರೆದ ಆ ದಿನಗಳಲ್ಲಿ ಚಪ್ಪಾಳೆ ತಟ್ಟುವವರು ಯಾರಿದ್ದರು? ಹೊಗಳಿಕೆಯ ಕೂಲಿಗಾಗಿ ದುಡಿಯುವವನು ಒಂದು ತಿಂಗಳಲ್ಲಿ ಬೇಸತ್ತು ಬಿಡುತ್ತಾನೆ. ಕೆಲಸವನ್ನೇ ಪ್ರೀತಿಸುವವನು ಮುಗಿಯುವ ತನಕ ದುಡಿಯುತ್ತಾನೆ.

ಸುವಾರ್ತೆಯ ಸೇವಕನನ್ನು ಅಂಚೆಯವನಿಗೆ ಹೋಲಿಸಬಹುದು. ಪಟ್ಟಣದಲ್ಲಿ ದುಡಿಯುವ ಮಗನಿಂದ ಮನಿಯಾರ್ಡರು ಬಂದ ದಿನ ಹಳ್ಳಿಯ ತಾಯಿ ಅಂಚೆಯವನನ್ನು ಎಷ್ಟು ಆದರದಿಂದ ಕರೆದು ಕೂಡ್ರಿಸುತ್ತಾಳೆ! ಅವನು ಕೊಟ್ಟ ನೀರನ್ನು ಕುಡಿದು ಸಂತೋಷದಿಂದ ಹೋಗಲಿ. ಆದರೆ ಹಣವು ತನ್ನದೆಂದು ಅವನು ಎಣಿಸಿದರೆ ಅವನು ಕಳ್ಳನಾಗುತ್ತಾನೆ. ನಮ್ಮ ಮೂಲಕ ಜನರಿಗೆ ದೊರೆತ ಆದರಣೆಯೂ ಕೃಪೆಯೂ ಮೇಲಿನಿಂದ ಬಂದ ಹಣವಾಗಿದೆ.

೭. ಮದ್ದು

ಈ ರೋಗಕ್ಕೆ ಮದ್ದೇನು? ತನ್ನನ್ನು ತಾನು ಹಳಿದುಕೊಳ್ಳುವದು ಮದ್ದಲ್ಲ. ತಾನು ಅತಿ ಹೀನನೆಂದು ಎಲ್ಲರ ಮುಂದೆ ಹೇಳಿಕೊಂಡು, ಕೇಳಿದವರು ಅಲ್ಲವೆನ್ನಲಿ ಎಂದು ಕಾಯುವವನು ಬೇರೆ ಬಾಗಿಲಿನಿಂದ ಅದೇ ಪೀಠಕ್ಕೆ ಬರುತ್ತಾನೆ. ಆದುದರಿಂದ ನಾವು ನಾಲ್ಕು ನಡೆಯುಳ್ಳ ಮಾತುಗಳನ್ನು ಮುಂದಿಡುತ್ತೇವೆ.

ಮೊದಲನೆಯದು: ನಿಮ್ಮನ್ನು ಪ್ರಶ್ನಿಸುವದಕ್ಕೆ ಯಾರಿಗಾದರೂ ಅಧಿಕಾರ ಕೊಡಿರಿ. ೧೭೪೨ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಮೆಥೊಡಿಸ್ಟರ ಕಟ್ಟಡದ ಸಾಲವನ್ನು ತೀರಿಸುವದಕ್ಕಾಗಿ, ಹನ್ನೆರಡು ಜನರಿಗೆ ಒಬ್ಬ ನಾಯಕನನ್ನು ನೇಮಿಸಿ ವಾರಕ್ಕೆ ಒಂದು ಪೆನ್ನಿಯನ್ನು ಕೂಡಿಸುವ ಕ್ರಮವು ಆರಂಭವಾಯಿತು. ಹಣಕ್ಕಾಗಿ ಹುಟ್ಟಿದ ಆ ಕ್ರಮವೇ ಒಬ್ಬರೊಬ್ಬರ ಆತ್ಮದ ಕ್ಷೇಮವನ್ನು ವಿಚಾರಿಸುವ ಕ್ಲಾಸ್ ಕೂಟವಾಗಿ ಬೆಳೆಯಿತು. ಅಂಥ ಚಿಕ್ಕ ಕೂಟದಲ್ಲಿ ಗೌಡನಿಗೂ ಕೂಲಿಯವನಿಗೂ ಒಂದೇ ಪ್ರಶ್ನೆ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಹಿರಿಯನು ಬೇಲಿಯಿಲ್ಲದ ಬಾವಿಯ ದಂಡೆಯಲ್ಲಿ ನಿಂತಿದ್ದಾನೆ.

ಎರಡನೆಯದು: ಯಾರಿಗೂ ತಿಳಿಯದ ಒಂದು ಕೆಲಸವನ್ನು ಕೈಕೊಳ್ಳಿರಿ. ರೋಗಿಯ ಮನೆಗೆ ನೀರು ತರುವದು, ಚರ್ಚಿನ ಅಂಗಳವನ್ನು ಗುಡಿಸುವದು, ಬಡವನ ಮಗುವಿನ ಪುಸ್ತಕಕ್ಕೆ ಹಣ ಕೊಡುವದು, ಯಾವದಾದರೂ ಆಗಲಿ. ಅದನ್ನು ಹೇಳಬೇಕೆಂಬ ಆಶೆಯು ಎಷ್ಟು ಬಲವಾಗಿ ಬರುತ್ತದೋ ನಿಮ್ಮ ರೋಗವು ಅಷ್ಟಿದೆಯೆಂದು ತಿಳಿದುಕೊಳ್ಳಿರಿ.

ಮೂರನೆಯದು: ನಿಮ್ಮ ಬದಲಿಗೆ ನಿಲ್ಲತಕ್ಕವರನ್ನು ಸಿದ್ಧಮಾಡಿರಿ. ಕಮಲಾಪುರದ ಕೆಂಪು ಬಾಳೆಯು ದೇಶದಲ್ಲೆಲ್ಲಾ ಹೆಸರು ಹೊಂದಿ ಭೌಗೋಳಿಕ ಗುರುತನ್ನು ಪಡೆದಿದೆ. ಅದರ ತೋಟದಲ್ಲಿ ನಿ೦ತು ನೋಡಿರಿ. ಬೇರೆ ಬಾಳೆಗಳಿಗಿಂತ ಹೆಚ್ಚು ಕಾಲ ಕಾದು ಬಿಟ್ಟ ಗೊನೆಯು ಬೆಳೆದಂತೆಲ್ಲಾ ಗಿಡವು ಬಾಗುತ್ತದೆ. ಅದಕ್ಕೆ ಆಸರೆಯಾಗಿ ಕೋಲು ಬೇಕಾಗುತ್ತದೆ. ಒಂದು ಗೊನೆ ಕೊಟ್ಟ ಗಿಡವು ಮತ್ತೊಂದನ್ನು ಕೊಡುವದಿಲ್ಲ. ಬುಡದಲ್ಲಿ ಎದ್ದ ಮರಿಗೆ ಎಡೆ ಕೊಟ್ಟು ಅದು ನೆಲಕ್ಕೆ ಸೇರುತ್ತದೆ. ಮರಿಗಳನ್ನು ಬೆಳೆಯಗೊಡದ ಹಿರಿಯನು ತನ್ನ ಗೊನೆಯನ್ನು ಎಷ್ಟು ತೋರಿಸಿಕೊಂಡರೂ ತೋಟವು ಅವನೊಂದಿಗೇ ಮುಗಿಯುತ್ತದೆ. ಹತ್ತು ವರುಷಗಳಿಂದ ಒಬ್ಬನೇ ಪ್ರಸಂಗಿ, ಒಬ್ಬನೇ ಖಜಾಂಚಿ, ಒಬ್ಬನೇ ಸಂಡೇ ಸ್ಕೂಲಿನ ಮುಖ್ಯಸ್ಥನಾಗಿರುವ ಸಭೆಯು ಇದನ್ನು ಯೋಚಿಸಲಿ.

ನಾಲ್ಕನೆಯದು: ಕೆಲಸವು ಕೈಬಿಟ್ಟುಹೋಗುವ ದಿನಕ್ಕೆ ಈಗಲೇ ಒಪ್ಪಿಕೊಳ್ಳಿರಿ. ವೆಸ್ಲಿಯವರು ೧೭೫೫ರಲ್ಲಿ ಲಂಡನ್ನಿನಲ್ಲಿ ಮೊದಲು ನಡಿಸಿದ ಒಡಂಬಡಿಕೆಯ ಆರಾಧನೆಯನ್ನು ಅನೇಕ ಮೆಥೊಡಿಸ್ಟ್ ಸಭೆಗಳು ಹೊಸ ವರುಷದಲ್ಲಿ ನಡಿಸುತ್ತವೆ. ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗೆ ಇಟ್ಟರೂ ಸರಿ, ಎಲ್ಲವೂ ದೇವರ ಚಿತ್ತದಂತೆ ಆಗಲಿ ಎಂಬದು ಆ ಆರಾಧನೆಯಲ್ಲಿ ನಾವು ಮಾಡುವ ಒಪ್ಪಂದದ ತಾತ್ಪರ್ಯ. ಮೊದಲಿನ ಅರ್ಧಕ್ಕೆ ಆಮೆನ್ ಹೇಳುವದು ಎಲ್ಲರಿಗೂ ಸುಲಭ. ಅಧಿಕಾರದ ಅವಧಿ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತು, ಹೊಸ ಹಿರಿಯನಿಗಾಗಿ ಸಂತೋಷದಿಂದ ಪ್ರಾರ್ಥಿಸುವವನೇ ಎರಡನೆಯ ಅರ್ಧಕ್ಕೂ ಆಮೆನ್ ಹೇಳಿದವನು.

೮. ಬಾಗುವದಕ್ಕೆ ಬಲವು ಎಲ್ಲಿಂದ?

ಈ ನಾಲ್ಕೂ ಕರ್ತನ ಬಳಿಗೆ ಹೋಗದೆ ಬರಿಯ ನಿಯಮಗಳಾಗಿ ಉಳಿದರೆ ಅವುಗಳಿಂದಲೂ ಗರ್ವ ಹುಟ್ಟೀತು. ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಯೇಸುಸ್ವಾಮಿಯು ಊಟದಿಂದ ಎದ್ದು, ನಡುವಿಗೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲುಗಳನ್ನು ತೊಳೆದನು. ಅದಕ್ಕೆ ಮೊದಲು ಸುವಾರ್ತಿಕನು ಒಂದು ಮಾತನ್ನು ಬರೆದಿಟ್ಟಿದ್ದಾನೆ: ತಾನು ತಂದೆಯ ಬಳಿಯಿಂದ ಬಂದವನೆಂದೂ, ತಿರುಗಿ ತಂದೆಯ ಬಳಿಗೇ ಹೋಗುವವನೆಂದೂ ಆತನಿಗೆ ತಿಳಿದಿತ್ತು. ತನ್ನ ಮಾನವು ಯಾರ ಕೈಯಲ್ಲಿದೆಯೆಂದು ತಿಳಿದಿದ್ದ ಕಾರಣದಿಂದಲೇ ಆತನು ಬಾಗಿದನು. ಬಾಗಿದರೆ ಕಳಕೊಳ್ಳುವೆನೆಂಬ ಭಯವು ಆತನಿಗೆ ಇರಲಿಲ್ಲ. ಮೊದಲನೆಯ ಸ್ಥಾನಕ್ಕಾಗಿ ಹೊಡೆದಾಡುವವನು ನಿಜವಾಗಿ ಹೆದರಿದವನು. ಜನರು ಕೊಟ್ಟದ್ದು ಹೋದರೆ ತನಗೆ ಏನೂ ಉಳಿಯುವದಿಲ್ಲವೆಂದು ಹೆದರಿದವನು.

ಊರಿನವರು ಬಾವಿಯ ಹತ್ತಿರ ಸೇರಿಸದಿದ್ದ ನಮ್ಮ ಹಿರಿಯರನ್ನು ಕರ್ತನು ತನ್ನ ಮಕ್ಕಳೆಂದು ಕರೆದನು. ಆ ಹೆಸರಿಗಿಂತ ಮೇಲಾದ ಬಿರುದು ಯಾವ ಸಭೆಯ ಕೈಯಲ್ಲಿಯೂ ಇಲ್ಲ. ಅದನ್ನು ಕಸಕೊಳ್ಳುವದು ಯಾರಿಂದಲೂ ಆಗದು. ಅದನ್ನು ಹೊಂದಿದವರು ಹಿಂದಿನ ಸಾಲಿನಲ್ಲಿಯೂ ಅರಸರಂತೆ ಕೂಡ್ರಬಹುದು, ಮುಂದಿನ ಪೀಠದಿಂದಲೂ ಸೇವಕರಂತೆ ಏಳಬಹುದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ದಿಯೊತ್ರೇಫನು ಮಾಡಿದ ನಾಲ್ಕು ಕೇಡುಗಳು ಯಾವವು? ಅವುಗಳಲ್ಲಿ ಯಾವದು ನಮ್ಮ ಸಭೆಯಲ್ಲಿ ಸುಲಭವಾಗಿ ನುಸುಳಬಹುದು?

೨. ಫಿಲಿಪ್ಪಿಯಲ್ಲಿ ಪೌಲನು ತನ್ನ ಹಕ್ಕನ್ನು ಕೇಳಿದ್ದಕ್ಕೂ ಲುಸ್ತ್ರದಲ್ಲಿ ಗೌರವವನ್ನು ತಳ್ಳಿದ್ದಕ್ಕೂ ಹೊಂದಿಕೆ ಹೇಗೆ?

೩. ನಮ್ಮ ಸಭೆಯಲ್ಲಿ ಯಾರ ದುಡಿತಕ್ಕೆ ಹೆಸರಿಲ್ಲ? ಅವರನ್ನು ಯೋಗ್ಯವಾಗಿ ಸನ್ಮಾನಿಸುವದು ಹೇಗೆ?

೪. ಇದನ್ನು ಮಾತ್ರ ಪ್ರತಿಯೊಬ್ಬರೂ ಮೌನವಾಗಿ ದೇವರ ಮುಂದೆ ವಿಚಾರಿಸಿಕೊಳ್ಳತಕ್ಕದ್ದು: ನಾನು ಮುಂದೆ ಕುಳಿತಿರುವದರಿಂದ ಹೊರಗೆ ನಿಂತಿರುವವರು ಯಾರಾದರೂ ಇದ್ದಾರೋ?